ಬಲ್ಬ್ ಕಾಣಬಾರದು, ನೆಲ ಕಾಣಬೇಕು: ಮನೆಯ ಹೊರಗಿನ ದೀಪ ಸರಿಪಡಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಯಾವುದೇ ಹೊಸ ಲೇಔಟಿನಲ್ಲಿ ರಾತ್ರಿ ಊಟ ಮುಗಿಸಿ ಒಂದು ಸುತ್ತು ಹಾಕಿ ನೋಡಿ. ಮನೆಯ ಮೂಲೆಮೂಲೆಗೆ ಫೋಕಸ್ ಲೈಟು, ಗೇಟಿನ ಎರಡೂ ಕಂಬದ ಮೇಲೆ ಗುಂಡು ದೀಪ, ಗೋಡೆಗೆ ಮೇಲಕ್ಕೂ ಕೆಳಕ್ಕೂ ಬೆಳಕು ಬಿಡುವ ಅಪ್-ಡೌನ್ ಲೈಟು. ಇಷ್ಟಿದ್ದೂ ಗೇಟಿನ ಮುಂದಿನ ಗಟಾರದ ಹಾಸುಗಲ್ಲು ಒಡೆದದ್ದು ಕಾಣುವುದಿಲ್ಲ. ಬೆಳಕು ಬೀಳಬೇಕಾದದ್ದು ಕಾಲ ಕೆಳಗೆ. ಬೀಳುತ್ತಿರುವುದು ಎದುರಿಗೆ ಬರುವವರ ಕಣ್ಣಿಗೆ, ಪಕ್ಕದ ಮನೆಯ ಮಲಗುವ ಕೋಣೆಗೆ, ಉಳಿದದ್ದು ಮುಗಿಲಿಗೆ.

ಹೀಗೆ ಬೇಡದ ಕಡೆ ಬೀಳುವ ಬೆಳಕಿಗೆ ಬೆಳಕಿನ ಮಾಲಿನ್ಯ ಎನ್ನುತ್ತಾರೆ. ಅದರ ಮಾತು ತೆಗೆದರೆ ನಮ್ಮ ಕಡೆ ಮೊದಲು ಬರುವ ಉತ್ತರ "ಹಂಗಾರ ಕತ್ತಲದಾಗ ಕುಂದರಬೇಕೇನ್ರಿ?" ಬೇಡವೇ ಬೇಡ. ಕತ್ತಲಲ್ಲಿ ಕೂರಿಸುವುದು ಈ ಲೇಖನದ ಉದ್ದೇಶವಲ್ಲ. ಇದ್ದ ದೀಪವನ್ನು ತಿರುಗಿಸುವುದು, ಅದಕ್ಕೊಂದು ಟೊಪ್ಪಿಗೆ ತೊಡಿಸುವುದು, ಬಲ್ಬು ಬದಲಿಸುವುದು, ಆರಿಸುವ ಹೊತ್ತು ಗೊತ್ತುಮಾಡುವುದು, ಇಷ್ಟೇ ಕೆಲಸ. ಬಹುಪಾಲು ಒಂದು ರವಿವಾರದಲ್ಲಿ ಮುಗಿಯುತ್ತದೆ.

ಯಾಕೆ ಮಾಡಬೇಕು ಎಂಬುದಕ್ಕೆ ಒಂದೇ ಅಂಕಿ ಕೊಡುತ್ತೇನೆ. ಜಗತ್ತಿನ ನಾನಾ ಕಡೆಯ ಸಾಮಾನ್ಯ ಜನ ಬರಿಗಣ್ಣಿನಿಂದ ನಕ್ಷತ್ರ ನೋಡಿ ಬರೆದುಕೊಟ್ಟ 2011ರಿಂದ 2022ರ ವರೆಗಿನ ದಾಖಲೆಗಳನ್ನು ಒಟ್ಟುಹಾಕಿದ ಅಧ್ಯಯನವೊಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಬೆಳಗುತ್ತ ಹೋಗಿದೆ ಎಂಬುದು ಅದರ ಲೆಕ್ಕ. 250 ಚಿಕ್ಕಿ ಕಾಣುವ ಊರಲ್ಲಿ ಹುಟ್ಟಿದ ಕೂಸಿಗೆ ಹದಿನೆಂಟು ತುಂಬುವ ಹೊತ್ತಿಗೆ ಅದೇ ಮಾಳಿಗೆಯಿಂದ 100 ಮಾತ್ರ ಕಾಣುತ್ತವೆ ಎಂದು ಇದರ ಅರ್ಥ.

ಮೊದಲು ಒಂದು ಸುತ್ತು ನೋಡಿ ಬನ್ನಿ

ಅಮಾವಾಸ್ಯೆಯ ಆಸುಪಾಸಿನ ಮೋಡವಿಲ್ಲದ ರಾತ್ರಿ ಒಳ್ಳೆಯದು. ಮನೆಯ ಹೊರಗಿನ ದೀಪ ಎಲ್ಲ ಹಚ್ಚಿ, ಹಾಳೆ-ಪೆನ್ನು ಹಿಡಿದು ರಸ್ತೆಗೆ ಹೋಗಿ. ಒಳಗೆ ನಿಂತು ನೋಡಿದರೆ ಏನೂ ಗೊತ್ತಾಗದು. ನಮ್ಮ ದೀಪ ನಮಗಿಂತ ಹೆಚ್ಚು ಕಾಡುವುದು ಬೇರೆಯವರನ್ನು. ಎದುರು ಮನೆಯ ಕಟ್ಟೆ, ಓಣಿಯ ಎರಡೂ ತುದಿ, ಸಾಧ್ಯವಿದ್ದರೆ ಪಕ್ಕದವರ ಮಾಳಿಗೆ, ಇಷ್ಟು ಕಡೆಯಿಂದ ನೋಡಿ.

ಪ್ರತಿ ದೀಪದ ಮುಂದೆ ಬರೆಯಬೇಕಾದದ್ದು: ಇದು ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತಿನ ತನಕ ಬೇಕು. ಉತ್ತರ ಹೊಳೆಯದ ದೀಪ ಒಂದೆರಡಾದರೂ ಸಿಗುತ್ತವೆ. ಮನೆ ಕಟ್ಟುವಾಗ ವೈರ್‌ಮನ್ ಅಲ್ಲೊಂದು ಪಾಯಿಂಟ್ ಕೊಟ್ಟಿದ್ದ, ಪಾಯಿಂಟ್ ಇದೆಯೆಂದು ಹೋಲ್ಡರ್ ಬಂತು, ಹೋಲ್ಡರ್ ಇದೆಯೆಂದು ಬಲ್ಬು ಬಂತು. ಅಂಥ ದೀಪದ ಬಲ್ಬು ಬಿಚ್ಚಿಡಿ. ಎಲ್ಲಕ್ಕಿಂತ ಸಲೀಸಾದ ದುರಸ್ತಿ ಅದು.

ಕಣ್ಣು ಕೋರೈಸುವ ದೀಪ ಯಾವುದೆಂದು ತಿಳಿಯಲು ಅಂಗೈ ಸಾಕು. ದೀಪದ ಕಡೆ ಮುಖ ಮಾಡಿ ನಿಂತು, ಬಲ್ಬು ಮಾತ್ರ ಮರೆಯಾಗುವಂತೆ ಕೈ ಅಡ್ಡ ಹಿಡಿಯಿರಿ. ಕೈ ಅಡ್ಡ ಬಂದ ಕೂಡಲೇ ಗೇಟು, ಮೆಟ್ಟಿಲು, ಗಿಡದ ಬುಡ ಮೊದಲಿಗಿಂತ ಚೆನ್ನಾಗಿ ಕಂಡರೆ ಆ ದೀಪ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತಿದೆ. ವಯಸ್ಸಾದವರನ್ನು ಜೊತೆಗೆ ಕರೆದೊಯ್ದು ಕೇಳಿ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ, ಎದುರಿನ ಬೆಳಕು ಕಣ್ಣೊಳಗೇ ಚದುರಿ ಪರದೆಯಂತೆ ಅಡ್ಡ ಬರುತ್ತದೆ. ಪೊರೆ ಬಂದ ಕಣ್ಣಿಗಂತೂ ಎದುರು ಮನೆಯ ಫೋಕಸ್ ಲೈಟು ದೊಡ್ಡ ಹಿಂಸೆ. ಅಜ್ಜಿ ರಾತ್ರಿ ಹೊರಗೆ ಬರಲು ಹೆದರುವುದು ಕತ್ತಲಿಗೇ ಇರಲಿಕ್ಕಿಲ್ಲ.

ಫೋಕಸ್ ಲೈಟಿನ ಮುಖ ತಿರುಗಿಸುವುದು

ಅರ್ಧಕ್ಕಿಂತ ಹೆಚ್ಚಿನ ತೊಂದರೆ ಇಲ್ಲೇ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಸಾಧಾರಣ ಎಲ್‌ಇಡಿ ಫೋಕಸ್ ಲೈಟಿನ ಡಬ್ಬಿಯ ಮೇಲೆ ಬೆಳಕಿನ ಹರವು 120 ಡಿಗ್ರಿ ಎಂದಿರುತ್ತದೆ. ಮುಖದ ನಡುಗೆರೆಯಿಂದ ಆ ಕಡೆ 60, ಈ ಕಡೆ 60. ದೀಪ ಸರಿಯಾಗಿ ನೆಲ ನೋಡುವಂತೆ ಕೂರಿಸಿದರೆ ಎಲ್ಲ ಬೆಳಕೂ ಕೆಳಗೇ ಬೀಳುತ್ತದೆ. ಅಲ್ಲಿಂದ ಮುಖವನ್ನು 30 ಡಿಗ್ರಿ ಎತ್ತಿದಿರೋ, ಬೆಳಕಿನ ಮೇಲಂಚು ನೆಲಕ್ಕೆ ಸಮಾನಾಂತರವಾಗಿ ಹೊರಟು ಓಣಿಯ ಕೊನೆಯ ಮನೆಯ ಕಿಟಕಿ ಸೇರುತ್ತದೆ. ನಮ್ಮಲ್ಲಿ ಗೋಡೆಗೆ ಬಡಿದ ದೀಪಗಳು 30ಕ್ಕೆ ನಿಂತಿರುವುದಿಲ್ಲ, 45-60ರಷ್ಟು ಎತ್ತಿಯೇ ಇರುತ್ತವೆ. ದೂರ ಬೀಳಲಿ ಎಂಬ ಆಸೆ. ದೂರ ಬೀಳುವುದೇನೋ ಹೌದು, ಆದರೆ ಎಷ್ಟು ದೂರ ಹೋಗುತ್ತದೋ ಅಷ್ಟು ತೆಳುವಾಗುತ್ತದೆ: ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ನೆಲ ಕಾಣುವಷ್ಟು ಬೆಳಕು ಉಳಿಯುವುದಿಲ್ಲ, ಕಣ್ಣು ಕುಕ್ಕುವಷ್ಟು ಉಳಿಯುತ್ತದೆ.

ಹೀಗೆ ಮಾಡಿ. ಮೇನ್ ಸ್ವಿಚ್ ಆರಿಸಿ. ದೀಪದ ಹಿಂದಿನ ಕಮಾನಿನಾಕಾರದ ಬ್ರಾಕೆಟ್ಟಿನ ಎರಡೂ ಬದಿಯ ಬೋಲ್ಟು ಸಡಿಲಿಸಿದರೆ ದೀಪ ಕತ್ತು ಬಗ್ಗಿಸುತ್ತದೆ. ಗೋಡೆಗೆ ತಾಗಿ ಪೂರ್ತಿ ಬಗ್ಗದಿದ್ದರೆ ಬ್ರಾಕೆಟ್ಟನ್ನು ಗೋಡೆಯಿಂದ ಬಿಚ್ಚಿ ಸಜ್ಜಾದ ಕೆಳಮುಖಕ್ಕೆ ಕೂರಿಸಿ. ಆಗ ದೀಪ ತಾನಾಗಿಯೇ ನೆಲ ನೋಡುತ್ತದೆ, ಮಳೆ ನೀರಿನಿಂದಲೂ ಸ್ವಲ್ಪ ಪಾರು. ನಾನು ಹಿಡಿಯುವ ಅಂದಾಜು ಇದು: ದೀಪ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು ದೂರಕ್ಕಿಂತ ಆಚೆಯ ನೆಲವನ್ನು ಅದರಿಂದ ಬೆಳಗಿಸಲು ಹೋಗಬಾರದು. ಹತ್ತು ಅಡಿ ಎತ್ತರದ ದೀಪಕ್ಕೆ ಇಪ್ಪತ್ತು ಅಡಿ ಗಡಿ. ಅದರಾಚೆ ನಿಜಕ್ಕೂ ಬೆಳಕು ಬೇಕಿದ್ದರೆ ಅಲ್ಲೇ ಹತ್ತಿರ ಇನ್ನೊಂದು ಚಿಕ್ಕ ದೀಪ ಹಾಕುವುದು ಮೇಲು.

ಬಗ್ಗಿಸಿದರೂ ಬಲ್ಬಿನ ಮುಖ ರಸ್ತೆಗೆ ಕಾಣುತ್ತಿದ್ದರೆ ಟೊಪ್ಪಿಗೆ ಬೇಕು. ಪತ್ರಾಸಿನ (ತಗಡಿನ) ಕೆಲಸ ಮಾಡುವವರ ಹತ್ತಿರ ಉಳಿದ ತುಂಡಿನಲ್ಲೇ ಆಗುತ್ತದೆ. ದೀಪದ ಅಗಲಕ್ಕಿಂತ ಎರಡು ಬೆರಳು ಹೆಚ್ಚು ಅಗಲ, ಮುಂದಕ್ಕೆ ಕನಿಷ್ಠ ದೀಪದ ಮುಖದಷ್ಟು ಉದ್ದ, ತುದಿ ತುಸು ಕೆಳಗೆ ಬಾಗಿರಬೇಕು, ಎರಡೂ ಬದಿಗೆ ಕಿವಿ ಇರಬೇಕು. ಒಳಮುಖಕ್ಕೆ ಹೊಳಪಿಲ್ಲದ ಕರಿ ಬಣ್ಣ. ಬಿಳಿ ಬಳಿದರೆ ಟೊಪ್ಪಿಗೆಯೇ ಇನ್ನೊಂದು ದೀಪವಾಗಿ ಹೊಳೆಯುತ್ತದೆ. ಒಂದು ಎಚ್ಚರ: ಎಲ್‌ಇಡಿಯ ಕಾವು ಹೊರಹೋಗುವುದು ಹಿಂಭಾಗದ ಅಲ್ಯುಮಿನಿಯಂ ರೆಕ್ಕೆಗಳಿಂದ. ಅವನ್ನು ಮುಚ್ಚಿದರೆ ದೀಪ ಬೇಗ ಸುಟ್ಟುಹೋಗುತ್ತದೆ. ಟೊಪ್ಪಿಗೆ ಮುಖಕ್ಕೆ ಮಾತ್ರ, ಬೆನ್ನಿಗಲ್ಲ.

ಕೆಲಸ ಸರಿಯಾಯಿತೋ ಇಲ್ಲವೋ ನೋಡಲು ಯಂತ್ರ ಬೇಡ. ಕಂಪೌಂಡಿನ ಆಚೆ, ರಸ್ತೆಯಲ್ಲಿ ನಿಂತು ನೋಡಿ. ಬೆಳಗಿದ ನೆಲ ಕಾಣಬೇಕು, ಬಲ್ಬಿನ ಮುಖ ಕಾಣಬಾರದು. ಈ ಲೇಖನದ ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ, ಈ ಪರೀಕ್ಷೆಯೊಂದು ನೆನಪಿರಲಿ.

ಗೇಟಿನ ಮೇಲಿನ ಗುಂಡು ದೀಪ

ಹಾಲುಗಾಜಿನ ಗುಂಡು ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಬಿಡುವುದರಿಂದ ಸುಮಾರು ಅರ್ಧ ಬೆಳಕು ಮೇಲೆಯೇ ಹೋಗುತ್ತದೆ. ಅದಕ್ಕಿಂತ ಕೆಟ್ಟ ವಿಷಯ ಒಳಗಿದೆ. ಹಳೆಯ ತಂತಿ ಬಲ್ಬು ಸುತ್ತಲೂ ಬೆಳಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬಿನ ಕೆಳ ಅರ್ಧ ಪ್ಲಾಸ್ಟಿಕ್ಕು, ಬೆಳಕು ಬರುವುದು ಮುಂದಿನ ಬುರುಡೆಯಿಂದ. ಛಾವಣಿಯಿಂದ ತೂಗುಬಿಟ್ಟರೆ ಅದು ನೆಲ ನೋಡುತ್ತದೆ. ಗೇಟಿನ ಕಂಬದಲ್ಲಿ ಹೋಲ್ಡರ್ ಕೆಳಗಿರುವುದರಿಂದ ಬಲ್ಬು ತಲೆ ಮೇಲೆ ಮಾಡಿ ನಿಂತು ಆಕಾಶಕ್ಕೇ ಮುಖ ಕೊಡುತ್ತದೆ. ಗೇಟಿನ ಬೀಗಕ್ಕೆ ಸಿಗುವುದು ಗಾಜಿಗೆ ತಾಗಿ ಚದುರಿದ ಉಳಿಕೆ ಬೆಳಕು.

ಗುಂಡು ತೆಗೆದು, ಮೇಲೆ ಅಗಲ ಮುಚ್ಚಳವಿದ್ದು ಬಲ್ಬು ತೂಗುವಂಥ ಲಾಟೀನು ಮಾದರಿಯ ಗೇಟ್ ಲೈಟು ಹಾಕಿದರೆ ಸರಿಹೋಗುತ್ತದೆ. ಕೊಳ್ಳುವಾಗ ಬಲ್ಬು ಮುಚ್ಚಳದೊಳಗೆ ಅಡಗಿ ಕೂರುತ್ತದೆಯೇ ನೋಡಿ. ಕೆಳಗೆ ಇಳಿಬಿದ್ದರೆ ಲಾಟೀನು ಹೆಸರಿಗೆ ಮಾತ್ರ. ಗುಂಡನ್ನು ಬಿಡಲು ಮನಸ್ಸಿಲ್ಲವೇ, ಒಳಗೆ 2-3 ವ್ಯಾಟಿನ ಹಳದಿ ಬಲ್ಬು ಹಾಕಿ. ಗುಂಡು ಗುಂಡಾಗಿಯೇ ಕಾಣುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಅಪ್-ಡೌನ್ ಲೈಟಿನಲ್ಲಿ ಮೇಲಿನ ಬಲ್ಬು ಬಿಚ್ಚಿದರೆ ಡೌನ್ ಲೈಟು ಉಳಿಯುತ್ತದೆ. ಒಂದೇ ಪಟ್ಟಿಯಲ್ಲಿ ಎರಡೂ ಸೇರಿದ್ದರೆ ಮೇಲಿನ ಗಾಜಿನ ಬದಲು ಅದೇ ಅಳತೆಯ ಅಲ್ಯುಮಿನಿಯಂ ತುಂಡು.

ಗುಡಿಯ ಗೋಪುರ, ಮಠದ ಮಹಾದ್ವಾರಗಳಿಗೆ ನೆಲದಿಂದ ಮೇಲಕ್ಕೆ ಬಿಡುವ ಫೋಕಸ್ಸಿನದೂ ಇದೇ ಕತೆ. ಕಳಶಕ್ಕೆ ತಾಗದೆ ಬದಿಯಿಂದ ಜಾರಿದ ಬೆಳಕೆಲ್ಲ ನೇರ ಮುಗಿಲಿಗೆ. ಕಲ್ಲಿನ ಕೆತ್ತನೆಯ ಗುಡಿಯಿದ್ದರೆ ಗೋಡೆಗೆ ಹತ್ತಿರವಾಗಿ ಮೇಲಿನಿಂದ ಕೆಳಕ್ಕೆ ಸವರಿ ಹೋಗುವಂತೆ ಬೆಳಕು ಬಿಡಿ. ಕೆತ್ತನೆಯ ಏರುತಗ್ಗು ಎದ್ದು ಕಾಣುತ್ತದೆ, ಎದುರಿನಿಂದ ಸುರಿದ ಬೆಳಕಲ್ಲಿ ಅದೆಲ್ಲ ಚಪ್ಪಟೆ. ಹಳೆಯ ಸಂರಕ್ಷಿತ ಗುಡಿಗೆ ಮೊಳೆ ಹೊಡೆಯುವ ಮೊದಲು ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕೇಬೇಕು.

ಎಷ್ಟು ಬೆಳಕು ಸಾಕು

ವ್ಯಾಟ್ ನೋಡಿ ಬಲ್ಬು ಕೊಳ್ಳುವ ರೂಢಿ ಬಿಡಬೇಕು. ವ್ಯಾಟ್ ಅಂದರೆ ಅದು ತಿನ್ನುವ ಕರೆಂಟು, ಕೊಡುವ ಬೆಳಕಿನ ಅಳತೆ ಲ್ಯೂಮೆನ್. ಲ್ಯೂಮೆನ್ನನ್ನು ಚದರ ಮೀಟರಿನಿಂದ ಭಾಗಿಸಿದರೆ ಲಕ್ಸ್, ಅಂದರೆ ನೆಲಕ್ಕೆ ಬಿದ್ದ ಬೆಳಕು.

ಒಂದು ಅಂಗಳ 500 ಚದರ ಅಡಿ ಎಂದುಕೊಳ್ಳಿ, ಸುಮಾರು 46 ಚದರ ಮೀಟರ್. ಅಲ್ಲಿ 50 ವ್ಯಾಟಿನ ಫೋಕಸ್ ಲೈಟು. ವ್ಯಾಟಿಗೆ 90 ಲ್ಯೂಮೆನ್ ಹಿಡಿದರೆ 4,500. ಅರ್ಧ ಅತ್ತಿತ್ತ ಪೋಲಾಯಿತೆಂದರೂ ಅಂಗಳಕ್ಕೆ 50 ಲಕ್ಸಿನ ಹತ್ತಿರ ಬೀಳುತ್ತದೆ. ಭಾರತೀಯ ಮಾನಕದಲ್ಲಿ, ಐಎಸ್ 1944ರ ಪ್ರಕಾರ, ದಟ್ಟವಾದ ವೇಗದ ಸಂಚಾರವಿರುವ ಮುಖ್ಯ ರಸ್ತೆಗೆ ಹೇಳಿದ್ದು ಸರಾಸರಿ 30 ಲಕ್ಸ್. ಒಳಗಿನ ಚಿಕ್ಕ ರಸ್ತೆಗಳಿಗೆ 4ರಿಂದ 8. ಅಂದರೆ ತುಳಸಿಕಟ್ಟೆ ಮತ್ತು ಒಂದು ಸ್ಕೂಟರ್ ಇರುವ ಅಂಗಳಕ್ಕೆ ನಾವು ಮುಖ್ಯ ರಸ್ತೆಗಿಂತ ಹೆಚ್ಚು ಬೆಳಕು ಸುರಿಯುತ್ತಿದ್ದೇವೆ. ಹುಣ್ಣಿಮೆಯ ಬೆಳದಿಂಗಳು ಎಷ್ಟು ಗೊತ್ತೇ? ಅರ್ಧ ಲಕ್ಸ್ ಕೂಡ ಇಲ್ಲ. ಅದರಲ್ಲೇ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಹೋಗುತ್ತಿದ್ದವು.

ಅದೇ ಅಂಗಳಕ್ಕೆ ಸಜ್ಜಾದ ಕೆಳಗೆ ನೆಲ ನೋಡುವ 9 ವ್ಯಾಟಿನ ಒಂದು ಬಲ್ಬು, ಸುಮಾರು 900 ಲ್ಯೂಮೆನ್, ಧಾರಾಳ ಸಾಕು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಇವೆ. ಅವು ಕೊಡುವ ಅಂಕಿಯನ್ನು ಖರೆ ಎಂದು ನಂಬಬೇಡಿ, ಮೊದಲಿಗೂ ಈಗಿಗೂ ಹೋಲಿಸಿ ನೋಡಲು ಮಾತ್ರ ಬಳಸಿ. ಇನ್ನೊಂದು ಮಾತು, ಬಲ್ಬು ಕಡಿಮೆ ಮಾಡಿದ ಮೊದಲ ಎರಡು ರಾತ್ರಿ ಮನೆಯವರೆಲ್ಲ "ಏನ ಕತ್ತಲಾತಪಾ" ಅನ್ನುತ್ತಾರೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಹಿಡಿಯುತ್ತದೆ, ಮನಸ್ಸು ಹೊಂದಿಕೊಳ್ಳಲು ಒಂದು ವಾರ.

ಅಂಗಳಕ್ಕೆ ಬಿಳಿ ಟೈಲ್ಸು ಹಾಕಿದವರು ಇನ್ನೂ ಕಡಿಮೆ ಮಾಡಬಹುದು. ಕೆಳಗೆ ಬಿದ್ದ ಬೆಳಕಿನಲ್ಲೂ ಒಂದಿಷ್ಟು ನೆಲದಿಂದ ಪುಟಿದು ಮೇಲೇರುತ್ತದೆ. ಅದನ್ನು ಯಾವ ಟೊಪ್ಪಿಗೆಯೂ ತಡೆಯದು, ಸುರಿಯುವುದನ್ನೇ ಕಡಿಮೆ ಮಾಡಬೇಕು.

ಬಣ್ಣ

ಅಂಗಡಿಯಲ್ಲಿ ಸುಮ್ಮನೆ ಬಲ್ಬು ಕೇಳಿದರೆ ಬಿಳೀದೇ ಕೊಡುತ್ತಾರೆ. ಡಬ್ಬಿಯ ಮೇಲೆ ಕೂಲ್ ಡೇಲೈಟ್, 6500 ಕೆಲ್ವಿನ್. ಹೊರಗಿನ ದೀಪಕ್ಕೆ ವಾರ್ಮ್ ವೈಟ್ ಕೇಳಿ, 2700 ಅಥವಾ ಹೆಚ್ಚೆಂದರೆ 3000. ಕೆಲ್ವಿನ್ ಇಲ್ಲಿ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ನೀಲಿ ಕಡಿಮೆ.

ನೀಲಿಯ ಮೇಲೆ ಯಾಕಿಷ್ಟು ಸಿಟ್ಟು ಅಂದರೆ, ಹಗಲಿನ ಆಕಾಶವನ್ನು ನೀಲಿ ಮಾಡುವ ಕಾರಣವೇ ರಾತ್ರಿಯೂ ಕೆಲಸ ಮಾಡುತ್ತದೆ. ಬಿಳಿ ಎಲ್‌ಇಡಿಯಲ್ಲಿ 450 ನ್ಯಾನೊಮೀಟರ್ ತರಂಗಾಂತರದ ಸುಮಾರಿಗೆ ನೀಲಿಯ ಶಿಖರವೊಂದಿದೆ. ಶುದ್ಧ ಗಾಳಿಯಲ್ಲಿ ಅದು 600 ನ್ಯಾನೊಮೀಟರಿನ ಕಿತ್ತಳೆ ಬೆಳಕಿಗಿಂತ ಮೂರು ಪಟ್ಟಿಗೂ ಹೆಚ್ಚು ಚದುರುತ್ತದೆ. ಹೀಗೆ ಚದುರಿದ ಬೆಳಕೇ ಊರಿನ ಮೇಲೆ ಕವುಚಿದ ಮಬ್ಬು. ಸೋಡಿಯಂ ದೀಪಗಳಿದ್ದಾಗ ಮಳೆಗಾಲದ ಮೋಡಗಳ ಹೊಟ್ಟೆ ಕಿತ್ತಳೆಯಾಗಿರುತ್ತಿತ್ತು, ಈಗ ಬೂದಿ ಬಿಳುಪು. ಅದೇ ನೀಲಿ ನಮ್ಮ ಮೈಯಲ್ಲಿ ನಿದ್ದೆಯ ಹಾರ್ಮೋನು ಮೆಲಟೋನಿನ್ ಏಳದಂತೆ ತಡೆಯುತ್ತದೆ. ಬೀದಿದೀಪ 3000 ಕೆಲ್ವಿನ್ ಮೀರದಿರಲಿ ಎಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲೇ ಹೇಳಿತ್ತು.

ಮುಂಗಾರಿನ ಮೊದಲ ಮಳೆಯ ಮರುದಿನ ಸಂಜೆ ಇದರ ಲಾಭ ಕಣ್ಣಿಗೇ ಕಾಣುತ್ತದೆ. ಬಿಳಿ ಟ್ಯೂಬಿನ ಸುತ್ತ ಮಳೆಹುಳದ ಜಾತ್ರೆ, ಹಳದಿ ಬಲ್ಬಿಗೆ ಬರುವುದು ತೀರ ಕಡಿಮೆ. ಹುಳ ಬಂದವೆಂದು ದೀಪ ಆರಿಸಿ, ಬೇಗ ಉಂಡು ಮಲಗುವ ರೂಢಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇತ್ತಲ್ಲ.

ಹೊತ್ತು

ರಾತ್ರಿ ಹನ್ನೊಂದರ ಮೇಲೆ ಅಂಗಳದಲ್ಲಿ ಯಾರೂ ಇರುವುದಿಲ್ಲ, ದೀಪ ಮಾತ್ರ ಎಚ್ಚರ. ಇಲ್ಲಿ ಬಹಳ ಜನ ಮೋಸಹೋಗುವುದು ಡೇ-ನೈಟ್ ಸೆನ್ಸರಿನಿಂದ. ಅದು ಕತ್ತಲಾದಾಗ ಹಚ್ಚಿ ಬೆಳಗಾದಾಗ ಆರಿಸುತ್ತದೆ, ಅಂದರೆ ಇಡೀ ರಾತ್ರಿ ಉರಿಸುತ್ತದೆ. ಬೇಕಾದದ್ದು ಟೈಮರು, ಇಲ್ಲವೇ ಮನುಷ್ಯರ ಓಡಾಟಕ್ಕೆ ಹತ್ತುವ ಮೋಷನ್ ಸೆನ್ಸರು.

ಮೋಷನ್ ಸೆನ್ಸರನ್ನು ಏಳೆಂಟು ಅಡಿ ಎತ್ತರಕ್ಕೆ ಹಾಕಿ. ನೇರ ಅದರ ಕಡೆ ನಡೆದು ಬರುವವರಿಗಿಂತ ಅದರ ಮುಂದೆ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ, ಆದ್ದರಿಂದ ಗೇಟಿನಿಂದ ಬಾಗಿಲಿಗೆ ಬರುವ ದಾರಿಯ ಬದಿಗೆ ಇರಲಿ. ರಸ್ತೆಗೆ ಮುಖ ಮಾಡಿದರೆ ಪ್ರತಿ ಬೈಕಿಗೂ ಹತ್ತಿ ಆರಿ ಓಣಿಯನ್ನೇ ನಾಟಕದ ರಂಗ ಮಾಡುತ್ತದೆ. ಹತ್ತಿದ ಮೇಲೆ ಒಂದೆರಡು ನಿಮಿಷ ಸಾಕು. ನಾಯಿ-ಬೆಕ್ಕಿಗೂ ಆಗಾಗ ಹತ್ತುತ್ತದೆ, ಹತ್ತಲಿ.

ಕರೆಂಟಿನ ಲೆಕ್ಕವನ್ನೂ ಹಾಕಿಬಿಡೋಣ. 50 ವ್ಯಾಟಿನ ಎರಡು ಫೋಕಸ್ ಲೈಟು ಸಂಜೆ ಆರರಿಂದ ಬೆಳಿಗ್ಗೆ ಆರರ ವರೆಗೆ ಉರಿದರೆ ತಿಂಗಳಿಗೆ 36 ಯೂನಿಟ್. 9 ವ್ಯಾಟಿನ ಎರಡು ಬಲ್ಬು ಐದು ತಾಸು ಉರಿದರೆ ಮೂರು ಯೂನಿಟ್ಟೂ ಆಗದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಹೆದರಿಕೆ ಹೋಗಿ ಹೊರಗಿನ ದೀಪಗಳು ಹೆಚ್ಚಾದವು ಎಂದು ನನಗೆ ಅನ್ನಿಸುತ್ತದೆ. ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ ಗಡಿಯ ಮೇಲೆ ನಿಂತ ಮನೆಗೆ ಆ 33 ಯೂನಿಟ್ ಸಣ್ಣದಲ್ಲ.

ಹಬ್ಬದ ಮಾತು ಬೇರೆ. ದೀಪಾವಳಿಯ ಆಕಾಶಬುಟ್ಟಿ, ಗಣಪತಿ ಮಂಟಪದ ಸೀರಿಯಲ್ ಸೆಟ್ಟು ನಾಲ್ಕು ದಿನದ ಸಡಗರ. ಅವುಗಳ ಮೇಲೆ ಹರಿಹಾಯುವುದು ಶಕ್ತಿ ಪೋಲು. ವರ್ಷವಿಡೀ ಉರಿಯುವ ದೀಪದ ಕಡೆ ಗಮನ ಕೊಡಿ.

ಕಳ್ಳರು ಬಂದರೆ?

ಈ ಪ್ರಶ್ನೆಗೆ ಉತ್ತರ ಕೊಡದೆ ಯಾವ ಮನೆಯಲ್ಲೂ ಬಲ್ಬು ಬದಲಾಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ 62 ಸ್ಥಳೀಯ ಆಡಳಿತಗಳಲ್ಲಿ ಬೀದಿದೀಪ ಆರಿಸಿದ, ಮಂದ ಮಾಡಿದ, ಬಿಳಿಗೆ ಬದಲಿಸಿದ ಪರಿಣಾಮವನ್ನು ವರ್ಷಗಟ್ಟಲೆ ನೋಡಿದ ಅಧ್ಯಯನ 2015ರಲ್ಲಿ ಬಂತು. ಅದರಿಂದ ಅಪಘಾತವೋ ಅಪರಾಧವೋ ಹೆಚ್ಚಾಯಿತೆಂಬ ಪುರಾವೆ ಅವರಿಗೆ ಸಿಗಲಿಲ್ಲ. ಇದನ್ನು ಹಾಗೇ ನಮ್ಮೂರಿಗೆ ಅಂಟಿಸಬೇಡಿ. ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ನಡೆಯುವ ಓಣಿಯ ದೀಪ ಆರಿಸಿ ಎಂದು ನಾನಂತೂ ಹೇಳಲಾರೆ. ಆದರೆ ಅದೇ ಹುಡುಗಿಗೆ ಎದುರಿನಿಂದ ಹೊಡೆಯುವ ಫೋಕಸ್ ಲೈಟಿನ ಹಿಂದೆ ಯಾರು ನಿಂತಿದ್ದಾರೆಂದು ಕಾಣುವುದಿಲ್ಲ. ಪ್ರಖರ ಬೆಳಕಿನ ಪಕ್ಕದ ನೆರಳು ಕಗ್ಗತ್ತಲು, ಮರೆಯಲ್ಲಿ ನಿಲ್ಲುವವನಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಮನಾಗಿ, ಮೆಲ್ಲಗೆ, ಕೆಳಮುಖವಾಗಿ ಹರಡಿದ ಬೆಳಕಲ್ಲಿ ಮುಖ ಕಾಣುತ್ತದೆ. ಸಿಸಿಟಿವಿ ಇದ್ದವರು ಕ್ಯಾಮೆರಾಕ್ಕೆ ಎದುರಾಗಿ ದೀಪ ಹಾಕಬೇಡಿ, ಚಿತ್ರವೆಲ್ಲ ಬಿಳಿಚುತ್ತದೆ. ಇನ್‌ಫ್ರಾರೆಡ್ ಇರುವ ಕ್ಯಾಮೆರಾಗೆ ದೀಪವೇ ಬೇಡ.

ಹೊಲ, ಕೆರೆ, ಗುಡ್ಡ

ಧಾರವಾಡ ಜಿಲ್ಲೆಯಲ್ಲಿ ಸೋಯಾ ಬೆಳೆಯುವವರಿಗೆ ಇದು ಹೊಸ ಸುದ್ದಿಯಲ್ಲ: ರಸ್ತೆಯ ದೀಪದ ಕೆಳಗಿನ ಸಾಲು ಹಸಿರಾಗಿಯೇ ನಿಲ್ಲುತ್ತದೆ, ಉಳಿದ ಹೊಲ ಒಣಗಿ ಕೊಯ್ಲಿಗೆ ಬಂದಿರುತ್ತದೆ. ಸೋಯಾ ರಾತ್ರಿಯ ಉದ್ದ ನೋಡಿ ಹೂ ಬಿಡುವ ಬೆಳೆ. ರಾತ್ರಿಯಿಡೀ ದೀಪ ಬಿದ್ದರೆ ಅದಕ್ಕೆ ರಾತ್ರಿಯೇ ಆಗಿರುವುದಿಲ್ಲ. ಸೇವಂತಿಗೆಯದೂ ಇದೇ ಗುಣ. ಹೂ ತಡವಾಗಲಿ ಎಂದು ಬೇಕೆಂತಲೇ ದೀಪ ಹಚ್ಚುವ ಬೆಳೆಗಾರರಿದ್ದಾರೆ. ಬಾವಿಮನೆಯ ದೀಪಕ್ಕೆ ಬೆಳೆಯ ಕಡೆಯಿಂದ ಒಂದು ಪತ್ರಾಸಿನ ಮರೆ ಕಟ್ಟಿದರೆ ಆ ಸಾಲು ಉಳಿಯುತ್ತದೆ. ಹಂದಿ, ಚಿಗರಿ ಬೆಳೆಗೆ ಬೀಳುತ್ತವೆಂದು ದೀಪ ಹಚ್ಚುವವರು ಮೋಷನ್ ಸೆನ್ಸರಿನದು ಹಾಕಿ ನೋಡಿ. ಇಡೀ ರಾತ್ರಿ ಉರಿಯುವ ದೀಪಕ್ಕೆ ಪ್ರಾಣಿ ಒಗ್ಗಿಹೋಗುತ್ತದೆ, ತಟ್ಟನೆ ಹತ್ತುವುದಕ್ಕೆ ಬೆದರುತ್ತದೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಅದು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಂಥ ಕೆರೆಗಳ ದಂಡೆಯ ಊರಿನವರು ನೀರಿನ ಕಡೆ ಮುಖ ಮಾಡಿದ ದೀಪಗಳನ್ನು ನವೆಂಬರಿಗೆ ಮೊದಲೇ ತಿರುಗಿಸಿಕೊಳ್ಳುವುದು ಒಳ್ಳೆಯದು. ನಮ್ಮ ಪೇಟೆಯೊಳಗಿನ ಉಣಕಲ್ಲು, ಕೆಲಗೇರಿ ಕೆರೆಗಳ ದಂಡೆಗೂ ಮೊಣಕಾಲೆತ್ತರದ, ಕೆಳಮುಖದ ದಾರಿದೀಪ ಸಾಕು. ನೀರಿನ ಮೇಲೆ ಬಣ್ಣ ಬೀಳಿಸುವ ಚಪಲ ಯಾಕೋ ತಿಳಿಯದು.

ಪಕ್ಕದವರು, ಪಾಲಿಕೆ

ನಿಮ್ಮದು ಸರಿಮಾಡಿಕೊಂಡ ಮೇಲೆಯೇ ಪಕ್ಕದ ಮನೆಗೆ ಹೋಗಿ. ದೂರು ಹೇಳಲು ಹೋದರೆ ಜಗಳ, ಕೆಲಸ ಮಾಡಿಕೊಡಲು ಹೋದರೆ ಚಹಾ. "ಕಾಕಾ, ನಿಮ್ಮ ಫೋಕಸ್ ಲೈಟ್ ಭಾರಿ ಛಲೋ ಐತ್ರಿ. ಆದ್ರ ಅರ್ಧಾ ಬೆಳಕ ನಮ್ಮ ಕ್ವಾಣಿಯೊಳಗ ಬೀಳಾಕತ್ತೈತ್ರಿ. ನಾಳೆ ವೈರ್‌ಮನ್ ಬರಾಂವ ಅದಾನ, ನಿಮ್ದೂ ಒಂದೀಟ ತಳಗ ತಿರುವಿಸಿ ಕೊಡ್ಲೇನ್ರಿ?" ಎಂದರೆ ಬಹುಮಟ್ಟಿಗೆ ಬರುವ ಉತ್ತರ "ಅಯ್ಯ ಹೌದೇನಪಾ, ನಮಗ ಗೊತ್ತ ಇಲ್ಲ ನೋಡು. ತಿರುವಿಸು." ತಮ್ಮ ದೀಪ ಪಕ್ಕದ ಹಾಸಿಗೆಗೆ ಬೀಳುತ್ತದೆಂದು ಹೆಚ್ಚಿನವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ.

ಬೀದಿದೀಪಕ್ಕೆ ಕೈ ಹಾಕಬೇಡಿ, ಕಂಬ ಹತ್ತಬೇಡಿ. ಕರೆಂಟು ಹೆಸ್ಕಾಂನದಾದರೂ ಬೀದಿದೀಪದ ಹೊಣೆ ಸ್ಥಳೀಯ ಸಂಸ್ಥೆಯದು: ಅವಳಿನಗರದಲ್ಲಿ ಮಹಾನಗರ ಪಾಲಿಕೆ, ಗದಗ-ಹಾವೇರಿಯಂಥ ಊರಲ್ಲಿ ನಗರಸಭೆ, ಹಳ್ಳಿಯಲ್ಲಿ ಪಂಚಾಯಿತಿಯ ಪಿಡಿಒ. ಅರ್ಜಿಯಲ್ಲಿ 'ಬೆಳಕು ಜಾಸ್ತಿ' ಎಂದು ಬರೆದರೆ ದೀಪವನ್ನೇ ತೆಗೆದುಬಿಟ್ಟಾರು, ಆಮೇಲೆ ಓಣಿಯವರೆಲ್ಲ ನಿಮ್ಮ ಮೇಲೆ ಬೀಳುತ್ತಾರೆ. ಕಂಬದ ನಂಬರು ಹಾಕಿ, ರಾತ್ರಿಯ ಫೋಟೊ ಲಗತ್ತಿಸಿ, ಬೇಕಾದದ್ದನ್ನು ನಿಖರವಾಗಿ ಕೇಳಿ: ದೀಪದ ತಲೆಯನ್ನು ನೆಲಕ್ಕೆ ಸಮಾನಾಂತರ ಮಾಡಿ, ಮನೆಯ ಬದಿಗೆ ಮರೆತಗಡು ಹಾಕಿ, ಮುಂದೆ ಬದಲಿಸುವಾಗ 3000 ಕೆಲ್ವಿನ್ನಿನದು ಹಾಕಿ. ಚಪ್ಪಟೆ ಗಾಜಿನ ಎಲ್‌ಇಡಿ ಬೀದಿದೀಪ ಓರೆಯಾಗದೆ ಕೂತರೆ ಅದರ ನೇರ ಬೆಳಕು ಮೇಲಕ್ಕೆ ಹೋಗುವುದೇ ಇಲ್ಲ. ಹಾಳಾಗುವುದೆಲ್ಲ ಕಂಬದ ತೋಳು ಮೇಲೆ ಬಾಗಿರುವುದರಿಂದ.

ಅರುಂಧತಿಯಿಂದ ಅಳತೆ

ಲೇಔಟಿನ ಹತ್ತು ಮನೆ ಸೇರಿ ದೀಪ ತಿರುಗಿಸಿದರೆ ಆಕಾಶದಲ್ಲಿ ಫರಕು ಕಂಡೀತೇ? ಇಡೀ ಊರಿನ ಮಬ್ಬು ಇಳಿಯದು, ಸುಳ್ಳು ಆಸೆ ತೋರಿಸಲಾರೆ. ಆದರೆ ಕಣ್ಣಿಗೆ ನೇರ ಹೊಡೆಯುವ ಬೆಳಕು ತಪ್ಪಿದರೆ ನಿಮ್ಮ ಮಾಳಿಗೆಯಿಂದ ಕಾಣುವ ಚಿಕ್ಕಿಗಳು ಹೆಚ್ಚುವುದು ಖಂಡಿತ.

ಮಾರ್ಚ್‌ನಿಂದ ಮೇ ತನಕ ಸಂಜೆ ಉತ್ತರಕ್ಕೆ ಸಪ್ತರ್ಷಿ ಮಂಡಲ ಮೇಲೇರಿರುತ್ತದೆ. ಏಳರಲ್ಲಿ ಆರು ಸುಲಭ. ಬಾಲ ಚೌಕಕ್ಕೆ ಸೇರುವ ಮೂಲೆಯ ಏಳನೆಯದು ಮಸುಕು, ಅದರ ಕಾಂತಿಮಾನ 3.3 (ಈ ಸಂಖ್ಯೆ ಹೆಚ್ಚಿದಷ್ಟೂ ಚಿಕ್ಕಿ ಮಸುಕು). ಅದು ಕಂಡರೆ ಒಂದು ಮೆಟ್ಟಿಲು ದಾಟಿದಿರಿ. ಬಾಲದ ನಡುವಿನ ವಸಿಷ್ಠನ ಪಕ್ಕ ಅರುಂಧತಿ, ಕಾಂತಿಮಾನ 4. ಅದೂ ಕಂಡರೆ ಪೇಟೆಯೊಳಗಿನ ಮಾಳಿಗೆಗೆ ಒಳ್ಳೆಯ ಆಕಾಶವೇ. ಮದುವೆಯಲ್ಲಿ ಅರುಂಧತಿ ತೋರಿಸುವ ಶಾಸ್ತ್ರ ಬಹಳ ಸಲ ಹಾಡಹಗಲಲ್ಲೇ ಮುಗಿಯುತ್ತದೆ. ರಾತ್ರಿ ತೋರಿಸಿದರೂ ಕಲ್ಯಾಣ ಮಂಟಪದ ಫೋಕಸ್ಸಿನ ನಡುವೆ "ಕಂಡ್ತು" ಅನ್ನುವ ಮದುಮಗಳನ್ನು ನಂಬುವುದು ಕಷ್ಟ. ಚಳಿಗಾಲದಲ್ಲಿ ಕೃತ್ತಿಕೆಯ ಗೊಂಚಲಲ್ಲಿ ಆರು ಎಣಿಸಲಾಗುತ್ತದೆಯೇ ನೋಡಿ. ಧ್ರುವ ನಮಗೆ ಬರೀ 15 ಡಿಗ್ರಿ ಎತ್ತರದಲ್ಲಿ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಮೇಲೆ. ಊರ ಬೆಳಕಿನ ಮಬ್ಬು ದಟ್ಟವಾಗಿರುವುದು ದಿಗಂತದ ಬಳಿಯಲ್ಲೇ, ಹಾಗಾಗಿ ಊರಿನ ದಕ್ಷಿಣದ ಬಡಾವಣೆಗಳಲ್ಲಿ ಮೊದಲು ಮಾಯವಾಗುವವನು ಅವನು. ದೀಪ ತಿರುಗಿಸುವ ಮೊದಲೊಮ್ಮೆ, ಆಮೇಲೊಮ್ಮೆ, ಒಂದೇ ತಿಥಿಯ ಆಸುಪಾಸಿನಲ್ಲಿ ನೋಡಿ ಬರೆದಿಡಿ.

ಹೊಸದಾಗಿ ಮನೆ ಕಟ್ಟುವವರಿಗೆ

ಪ್ಲಾಸ್ಟರ್ ಆಗುವ ಮೊದಲು ವೈರ್‌ಮನ್ ಜೊತೆ ಅರ್ಧ ತಾಸು ಕೂತರೆ ಮೇಲಿನ ಅರ್ಧ ಕೆಲಸ ಉಳಿಯುತ್ತದೆ. ಹೊರಗಿನ ಪಾಯಿಂಟುಗಳನ್ನು ಗೋಡೆಯ ಮುಖಕ್ಕಲ್ಲ, ಸಜ್ಜಾ ಮತ್ತು ಪೋರ್ಟಿಕೋದ ಅಡಿಗೆ ಕೊಡಿಸಿ. ಗೇಟಿನ ಕಂಬದ ತಲೆಗೆ ಬೇಡ, ಒಳಮೈಗೆ ಬೀಗದ ಎತ್ತರಕ್ಕಿಂತ ತುಸು ಮೇಲೆ ಒಂದು. ಮೆಟ್ಟಿಲಿಗೆ ಪಕ್ಕದ ಗೋಡೆಯಲ್ಲಿ ಮೊಣಕಾಲಿನ ಕೆಳಗೆ ಹುದುಗಿಸಿದ ಚಿಕ್ಕ ದೀಪ. ಎಲ್ಲ ಹೊರದೀಪಕ್ಕೂ ಒಂದೇ ಸ್ವಿಚ್ ಕೊಡಿಸಬೇಡಿ. ಬಾಗಿಲಿನದು ಬೇರೆ, ಗಾಡಿ ನಿಲ್ಲಿಸುವ ಜಾಗದ್ದು ಬೇರೆ, ಹಿತ್ತಲಿನದು ಬೇರೆ. ಟೈಮರ್ ಕೂರಿಸಲು ಸ್ವಿಚ್‌ಬೋರ್ಡಿನಲ್ಲಿ ಎರಡು ಮಾಡ್ಯೂಲಿನಷ್ಟು ಜಾಗ ಮತ್ತು ಒಂದು ನ್ಯೂಟ್ರಲ್ ತಂತಿ ಬಿಡಿಸಿ. ನಮ್ಮಲ್ಲಿ ಸ್ವಿಚ್‌ಬೋರ್ಡಿಗೆ ನ್ಯೂಟ್ರಲ್ ಎಳೆಯುವುದನ್ನು ಎಷ್ಟೋ ಕಡೆ ಬಿಟ್ಟಿರುತ್ತಾರೆ. ಆಮೇಲೆ ಗೋಡೆ ಒಡೆಯದೆ ಟೈಮರ್ ಕೂರುವುದಿಲ್ಲ. ಮಳೆಗೆ ನೆನೆಯುವ ಜಾಗದ ದೀಪ ಐಪಿ65 (ದೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ) ಇರಲಿ, ಅರ್ಥಿಂಗ್ ತಪ್ಪದೆ ಕೊಡಿಸಿ. ದೀಪ ಕೂರಿಸಿದ ದಿನ ವೈರ್‌ಮನ್ನಿಗೆ ದುಡ್ಡು ಎಣಿಸುವ ಮೊದಲು ಕತ್ತಲಾಗುವ ತನಕ ಅವನನ್ನು ನಿಲ್ಲಿಸಿಕೊಂಡು, ರಸ್ತೆಗೆ ಕರೆದುಕೊಂಡು ಹೋಗಿ ಒಂದು ಸಲ ತೋರಿಸಿ. ಏಣಿ ಇನ್ನೂ ಅಲ್ಲೇ ಇರುತ್ತದೆ.